ಮುಗಳಖೋಡದ ಮಡ್ಡಿಯ ಹನ್ನೊಂದು ಕೌಜುಗಗಳು

ಜನವರಿ 11, ಭಾನುವಾರ, ಬೆಳಗಿನ 5 ಗಂಟೆ 40 ನಿಮಿಷ. ನಿಪ್ಪಾಣಿಯ ಬೀಗರ ಮನೆಯ ಅಂಗಳದಿಂದ ಮಾಮಾನ ಜೀಪು ಹೊರಟಿತು. ಒಳಗೆ ಮಾಮಾ, ನಾನು, ಎರಡು ನಾಯಿ, ಒಂದು ಕ್ಯಾನು ನೀರು, ಸಜ್ಜಿ ರೊಟ್ಟಿಯ ಗಂಟು. ಹಿಂದಿನ ಸೀಟಿಗೆ ಹೊಸ ಕಪ್ಪು ರೆಕ್ಸಿನ್ ಹಾಕಿಸಿದ್ದರು. ಹೋದ ವರ್ಷ ಅಲ್ಲಿ ಹಸಿರು ಪಟ್ಟೆಯ ದಪ್ಪ ಬಟ್ಟೆ ಇತ್ತು. ಇದನ್ನೂ ವಹಿಯಲ್ಲಿ ಬರೆದುಕೊಂಡೆ. ಕಾರಣವೇನೂ ಇರಲಿಲ್ಲ. ಕಂಡದ್ದನ್ನು ಬರೆಯುವುದು ನನಗೆ ರೂಢಿ.

ನಾನು ಉಗಾರ ಬುದ್ರುಕದವನು. ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಗಾಡಿಗಳನ್ನು ತೂಗುವ ಕಾಟಾದ ಮೇಲೆ ಕೆಲಸ. ಗಾಡಿ ಎಷ್ಟು ಗಂಟೆಗೆ ಬಂತು, ತುಂಬಿದ್ದಾಗ ಎಷ್ಟು, ಖಾಲಿಯಾದ ಮೇಲೆ ಎಷ್ಟು ಎಂದು ದಿನವಿಡೀ ಬರೆಯುತ್ತೇನೆ. ಮನೆಗೆ ಬಂದ ಮೇಲೂ ಕೈ ಸುಮ್ಮನಿರುವುದಿಲ್ಲ. ಮಾಮಾ ನನ್ನ ಅವ್ವನ ಅಣ್ಣ. ಕಾಗವಾಡದ ಕಡೆ ಕಬ್ಬು, ದ್ರಾಕ್ಷಿ ಎರಡೂ ಇರುವ, ದ್ರಾಕ್ಷಿ ಒಣಗಿಸಿ ಮಣೂಕ ಮಾರುವ ಮನೆತನ. ನನ್ನನ್ನು ಅವರು ಕರೆಯುವುದೇ 'ಕಾಟಾ ಸಾಹೇಬ' ಎಂದು.

ಮಾಮಾನ ಅಜ್ಜನಿಗೆ ಬಂದೂಕು ಇತ್ತಂತೆ. ನಾಯಿ ಕರೆದುಕೊಂಡು ಮಡ್ಡಿ ಮಡ್ಡಿ ತಿರುಗಿ ಕೌಜುಗ ಹೊಡೆದು ತರುತ್ತಿದ್ದರಂತೆ. ಮಡ್ಡಿ ಎಂದರೆ ನಮ್ಮಲ್ಲಿ ಎತ್ತರದ ಕಲ್ಲುನೆಲ. ಕಬ್ಬಿಗೆ ನೀರು ಹತ್ತದ, ಬಾರಿಕಂಟಿಯ ಮುಳ್ಳುಪೊದೆ ಮತ್ತು ಒಣಹುಲ್ಲು ಬೆಳೆಯುವ ಜಾಗ. ಕಾಯ್ದೆ ಬಂದು ಬೇಟೆ ನಿಂತಿತು, ಬಂದೂಕು ಹೋಯಿತು. ಆದರೆ ಮನೆಯಲ್ಲಿ ನಾಯಿಯ ತಳಿ ಮಾತ್ರ ಉಳಿಯಿತು. ಬಿಳಿ ಮೈ, ಕಂದು ಮಚ್ಚೆ, ಜೋಲು ಕಿವಿ. ಇವು ಬೆನ್ನಟ್ಟುವ ನಾಯಿಗಳಲ್ಲ. ಹಕ್ಕಿಯ ವಾಸನೆ ಸಿಕ್ಕ ಕೂಡಲೇ ಇದ್ದಲ್ಲೇ ಕಲ್ಲಾಗುತ್ತವೆ. ಮುಂಗಾಲು ಒಂದು ಮೇಲೆ, ಬಾಲ ನೆಟ್ಟಗೆ, ಮೂಗು ಹಕ್ಕಿ ಅಡಗಿರುವ ಕಂಟಿಯ ಕಡೆ. ಮುದಿ ಗಂಡುನಾಯಿ ಹೀಗೆ ನಿಂತರೆ, ಹಿಂದೆ ಬರುವ ಎಳೆಯ ಹೆಣ್ಣುನಾಯಿ ಹಕ್ಕಿಯ ವಾಸನೆ ಸಿಗದಿದ್ದರೂ ಅದನ್ನು ನೋಡಿಯೇ ನಿಲ್ಲುತ್ತದೆ.

"ಸಾಹೇಬ್ರು ನಿಂತ್ರು, ಬಾಯೇರೂ ನಿಂತ್ರು. ಇನ್ನ ನಾವು ಬಾಯಿ ಮುಚ್ಕೋಬೇಕ ನೋಡ," ಎನ್ನುತ್ತಿದ್ದರು ಮಾಮಾ.

ಹೋದ ವರ್ಷ ಇದೇ ತಿಂಗಳಲ್ಲಿ ಅವರೇ ನನ್ನನ್ನು ಕರೆದರು. "ಅಳಿಯಾ, ಹೊಡ್ಯಾಕ ಆಗೂದಿಲ್ಲ, ಎಣಿಸಾಕರ ಆಗತೈತಲ್ಲ? ನಮ್ಮ ಅಜ್ಜ ತಿರಗಿದ ದಾರಿ ತಿರಗೂಣು. ಎಷ್ಟ ಉಳಿದಾವು ನೋಡೂಣು." ಬಂದೂಕಿನ ಮನೆಯ ಮನುಷ್ಯ ಎಣಿಸೋಣ ಎಂದದ್ದು ನನಗೆ ದೊಡ್ಡ ಮಾತಾಗಿ ಕಂಡಿತು. ಎರಡು ದಿನ ರಜೆ ಹಾಕಿ ಹೋದೆ.

ಎಣಿಕೆಗೆ ನಾವೇ ಒಂದು ಕ್ರಮ ಮಾಡಿಕೊಂಡೆವು. ನಾಯಿ ನಿಂತ ಮೇಲೆ ಮಾತಿಲ್ಲ. ಮಾಮಾ ಕೈ ಎತ್ತುತ್ತಾರೆ, ನಾನು ವಹಿ ತೆರೆಯುತ್ತೇನೆ. ಅವರು ಒಂದು ಸಲ ಚಪ್ಪಾಳೆ ತಟ್ಟುತ್ತಾರೆ. ಹಕ್ಕಿಗಳು ಕಾಲಬುಡದಿಂದ ಬರ್ರನೆ ಎದ್ದು, ನೆಲಕ್ಕೆ ಸಮವಾಗಿ ಹಾರಿ, ಮುಂದಿನ ಕಂಟಿಗಳಲ್ಲಿ ಇಳಿಯುತ್ತವೆ. ಆಮೇಲೆ ಮಾಮಾ "ಒಂದ್, ಎರಡ್, ಹೇಳ" ಎಂದ ಕೂಡಲೇ ಇಬ್ಬರೂ ಒಟ್ಟಿಗೆ ತಮ್ಮ ತಮ್ಮ ಸಂಖ್ಯೆ ಹೇಳಬೇಕು. ಒಬ್ಬರ ಲೆಕ್ಕ ಕೇಳಿ ಇನ್ನೊಬ್ಬರು ಬದಲಿಸಬಾರದು. ಬೇರೆ ಬೇರೆ ಬಂದರೆ ಕಡಿಮೆಯದನ್ನು ಬರೆಯುವುದು. ಒಬ್ಬರು ಹೇಳದೆ ಉಳಿದರೆ ಯಾವ ಸಂಖ್ಯೆಯೂ ವಹಿಗೆ ಏರುವುದಿಲ್ಲ.

ಆ ವರ್ಷ ನಿಪ್ಪಾಣಿಯ ಮಡ್ಡಿಯಲ್ಲಿ ಆರು. ಚಿಕ್ಕೋಡಿಯ ಕಡೆ ನಾಲ್ಕು. ರಾಯಬಾಗ ತಾಲೂಕಿನ ಮುಗಳಖೋಡದಲ್ಲಿ ಹನ್ನೊಂದು. ಅಥಣಿ ದಾಟಿ ಅನಂತಪುರದ ಹತ್ತಿರ ಒಂಬತ್ತು. ಕಾಗವಾಡದಲ್ಲಿ ಮಾಮಾನ ತೋಟದ ಏರಿಯ ಮೇಲೆ ಐದು. ಒಟ್ಟು ಮೂವತ್ತೈದು. ಮುಗಳಖೋಡದಲ್ಲಿ ಹನ್ನೊಂದು ಒಮ್ಮೆಗೇ ಎದ್ದಾಗ ಇಬ್ಬರ ಬಾಯಿಂದಲೂ "ಹನ್ನೊಂದು" ಒಟ್ಟಿಗೇ ಬಂತು. ಮಾಮಾ ನನ್ನ ಬೆನ್ನಿಗೆ ಹೊಡೆದರು. ಮಡ್ಡಿಯ ಮೇಲೆ ಆಡು ಕಾಯುತ್ತಿದ್ದ ಮುದುಕಿ ನಮ್ಮನ್ನು ನೋಡಿ, "ಮದಿವಿ ನಿಕ್ಕಿ ಆತೇನ್ರಿ?" ಎಂದು ನಕ್ಕಿದ್ದಳು.

ಮನೆಗೆ ಬಂದು ಒಂದು ವಾರ ಕುಳಿತು ಎಲ್ಲವನ್ನೂ ಇನ್ನೊಂದು ವಹಿಗೆ ಚೊಕ್ಕಟವಾಗಿ ನಕಲು ಮಾಡಿದೆ. ಯಾವ ಕಂಟಿ, ಅದಕ್ಕೆ ಗುರುತಾಗಿ ಯಾವ ಬಂಡೆ, ಬೆಳಿಗ್ಗೆ ಎಷ್ಟು ಗಂಟೆಗೆ ಕೂಗು ಶುರು, ನೀರಿಗೆ ಯಾವ ಹೊಂಡ, ಸಂಜೆ ಕೂರುವುದು ಯಾವ ಗಿಡ. ಮಾಮಾನ ಊರಿಗೆ ಹೋಗಿ ನಕಲನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ದೇವರ ಮಾಡದ ಪಕ್ಕ ಇಟ್ಟರು.

ಈ ವರ್ಷಕ್ಕೆ ಬರುತ್ತೇನೆ. ನಿಪ್ಪಾಣಿಯಲ್ಲಿ ಐದು ಸಿಕ್ಕವು. ಒಂದು ಕಡಿಮೆ, ಚಿಂತೆಯಿಲ್ಲ ಎಂದುಕೊಂಡೆ. ಚಿಕ್ಕೋಡಿಯಲ್ಲಿ ಮುದಿನಾಯಿ ಮೂರು ಸಲ ಸುತ್ತಿದರೂ ನಿಂತದ್ದು ಒಮ್ಮೆ, ಎದ್ದದ್ದು ಒಂದೇ ಹಕ್ಕಿ. ಮಾಮಾ, "ನರಿ ತಿಂದಿರಬೇಕ ಬಿಡ," ಎಂದರು. ರೊಟ್ಟಿ ತಿನ್ನುವಾಗ ಇನ್ನೊಂದು ಮಾತು ತೆಗೆದರು.

"ಈ ಸಲ ಮುಗಳಖೋಡ ಬಿಡೂಣೇನ? ರಸ್ತೆ ಭಾಳ ಹಾಳಾಗೇತಿ. ಸೀದಾ ಅಥಣಿಗೆ ಹೋಗೂಣು."

"ಹನ್ನೊಂದ ಅದಾವ್ರಿ ಮಾಮಾ ಅಲ್ಲಿ. ಅದನ್ನ ಬಿಟ್ರ ಎಣಿಸಿದ್ದ ಏನ ಬಂತ್ರಿ?"

"ಎಲ್ಲಾದಕ್ಕೂ ನಿಂದೊಂದ ಲೆಕ್ಕ," ಎಂದು ಕೈ ತೊಳೆದುಕೊಂಡರು.

ನಾಲ್ಕೂವರೆಗೆ ಮುಗಳಖೋಡದ ಮಡ್ಡಿ ಮುಟ್ಟಿದೆವು. ರಸ್ತೆ ಚೆನ್ನಾಗಿಯೇ ಇತ್ತು. ನಾಯಿಗಳನ್ನು ಬಿಟ್ಟೆವು. ಮುದಿನಾಯಿ ಗಾಳಿಗೆ ಮೂಗು ಕೊಟ್ಟು ಎಡಕ್ಕೆ, ಬಲಕ್ಕೆ ಓಡಿತು. ಎಲ್ಲೂ ನಿಲ್ಲಲಿಲ್ಲ. ಸಂಜೆಗೆ ಆ ಮಡ್ಡಿಯ ತುಂಬ ಒಂದಕ್ಕೊಂದು ಉತ್ತರ ಕೊಡುವ ಕೂಗು ಇರುತ್ತಿತ್ತು. ಈಗ ದೂರದ ಟ್ರ್ಯಾಕ್ಟರಿನ ಹಾಡು ಮಾತ್ರ ಕೇಳುತ್ತಿತ್ತು. ಎಳೆಯ ಹೆಣ್ಣುನಾಯಿ ದೊಡ್ಡ ಬಾರಿಕಂಟಿಯ ಹತ್ತಿರ ಹೋಯಿತು. ನಾನು ವಹಿ ತೆರೆದೆ. ಅದು ನಿಲ್ಲಲಿಲ್ಲ, ಮುಂಗಾಲು ಎತ್ತಲಿಲ್ಲ. ಬಾಲ ಅಲ್ಲಾಡಿಸುತ್ತ ಕಂಟಿಯೊಳಗೆ ತಲೆ ತೂರಿಸಿತು. ಆಮೇಲೆ ಮೂರು ಸುತ್ತು ಸುತ್ತಿ, ಮನೆಯಲ್ಲಿ ಮಲಗುವ ಹಾಗೆ ಅಲ್ಲೇ ಮಲಗಿತು.

ಮಾಮಾ ಸೀಟಿ ಹೊಡೆದರು. ಅದು ಏಳಲಿಲ್ಲ. ಇನ್ನೊಮ್ಮೆ ಜೋರಾಗಿ ಹೊಡೆದರು. ಅಷ್ಟರಲ್ಲಿ ನಾನು ಹತ್ತಿರ ಹೋಗಿದ್ದೆ.

ಕಂಟಿಯ ಬುಡದಲ್ಲಿ ಬಿದಿರುಕಡ್ಡಿಯ ಸಣ್ಣ ಪಂಜರವಿತ್ತು. ಖಾಲಿ. ತಳದಲ್ಲಿ ನಾಲ್ಕು ಸಜ್ಜಿಕಾಳು, ಒಣಗಿದ ಹಿಕ್ಕೆ, ಒಂದು ಗೆರೆಗೆರೆಯ ಪುಕ್ಕ. ಇಂಥ ಪಂಜರ ಯಾತಕ್ಕೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಸಾಕಿದ ಕೌಜುಗವನ್ನು ಇದರಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ, ಕಂಟಿಯಲ್ಲಿ ಇಡುತ್ತಾರೆ. ಬೆಳಕಾಗುವಾಗ ಬಟ್ಟೆ ಸರಿಸಿದರೆ ಅದು ಕೂಗುತ್ತದೆ. ತನ್ನ ಜಾಗದಲ್ಲಿ ಯಾರೋ ಕೂಗಿದರು ಎಂದು ಮಡ್ಡಿಯ ಹಕ್ಕಿಗಳು ಜಗಳಕ್ಕೆ ಓಡಿ ಬಂದು ಸುತ್ತ ಹೂಡಿದ ಕುಣಿಕೆಗೆ ಕಾಲು ಕೊಡುತ್ತವೆ. ನಾಯಿ ತಲೆಯಿಟ್ಟು ಮಲಗಿದ್ದು ಆ ಪಂಜರಕ್ಕೆ ಮುಚ್ಚುವ ಬಟ್ಟೆಯ ಮೇಲೆ. ಹಸಿರು ಪಟ್ಟೆಯ ದಪ್ಪ ಬಟ್ಟೆ. ಮರಿಯಾಗಿದ್ದಾಗಿನಿಂದ ಅದು ಮಲಗಿದ್ದ ಜೀಪಿನ ಸೀಟಿನ ತುಂಡು.

ಆಡು ಕಾಯುವ ಮುದುಕಿ ಇಳಿಜಾರಿನಿಂದ ಮೇಲೆ ಬಂದಳು.

"ಮತ್ತ ಬಂದ್ರೇನ್ರಿ ಸಾವಕಾರ್ರ? ಇನ್ನೇನ ಉಳದೈತಿ ಇಲ್ಲಿ? ದೀಪಾವಳಿ ಮುಂದ ನಿಮ್ಮ ಮಂದಿ ಮೂರ ದಿನಾ ಕುಂತ ಒಂದೂ ಬಿಡದಂಗ ಒಯ್ದ್ರಲ್ಲ."

"ಏ, ನೀ ಯಾರನ್ನೋ ನೋಡಿ ನನ್ನ ಅಂತೀ ಮುದುಕಿ," ಎಂದರು ಮಾಮಾ.

"ನನ್ನ ಕಣ್ಣಿಗೆ ಪರದೆ ಬಂದಿರಬಹುದ್ರಿ. ನಿಮ್ಮ ಜೀಪಿಗೆ ನನ್ನ ಹೋತ ಬೆದರಿ ಕಾಲ ಮುರಕೊಂಡೈತಿ. ಅದಕ್ಕ ಗುರ್ತ ಐತಿ." ಮುದುಕಿ ನನ್ನ ಕಡೆ ನೋಡಿದಳು. "ನೀವು ಎಣಸಾಂವ್ರಲ್ಲ? ಈಗ ಎಣಸರಿ."

ಮಾಮಾ ಎಂದಿನಂತೆ "ಒಂದ್, ಎರಡ್, ಹೇಳ" ಎನ್ನಲಿಲ್ಲ. ನಾನೇ ಸೊನ್ನೆ ಬರೆದೆ. ಸಮಯ 5 ಗಂಟೆ 10 ನಿಮಿಷ.

ಅಥಣಿಯ ದಾರಿ ಹಿಡಿದೆವು. ಹಾರೂಗೇರಿ ದಾಟಿದ ಮೇಲೆ ನಾನು ಕೇಳಿದೆ.

"ನೀವ ಹಿಡಿಸಿದ್ರೇನ್ರಿ?"

"ನಾ ಕೈ ಹಚ್ಚಿಲ್ಲ. ಹಿಡಿಯಾವ್ರು ಬ್ಯಾರೆ. ನಾ ನಿನ್ನ ವಹಿ ತೋರಿಸಿದೆ, ಅಷ್ಟ." ಗೇರು ಬದಲಿಸಿ ಅವರೇ ಮುಂದುವರಿಸಿದರು. "ಮಣೂಕದ ವ್ಯಾಪಾರಕ್ಕ ಸಾಂಗ್ಲಿ ಕಡಿಂದ ನಾಕ ಮಂದಿ ದೊಡ್ಡಾವ್ರು ಬರತಾರ. ನಿಮ್ಮ ಅಜ್ಜನ ಕಾಲದ ಊಟ ಇಲ್ಲೇನ ಅಂತ ಕೇಳತಾರ. ತಾಟಿನ್ಯಾಗ ಏನರ ಇಡಬೇಕಲ್ಲ. ಹಿಡಿಯಾವ್ರು ಏನಂದ್ರು ಗೊತ್ತೇನ? ಬರದಾಂವ ಭಾರಿ ಹುಷಾರ ಅದಾನ್ರಿ, ನಮಗ ಹುಡುಕೂ ಕೆಲಸನ ಉಳೀಲಿಲ್ಲ ಅಂದ್ರು."

ಇದನ್ನು ಅವರು ಹೊಗಳಿಕೆಯಾಗಿಯೇ ಹೇಳಿದರು. ಅಳಿಯನ ಬಗ್ಗೆ ನಾಲ್ಕು ಜನ ಒಳ್ಳೆಯ ಮಾತಾಡಿದ್ದನ್ನು ಅಳಿಯನಿಗೆ ಮುಟ್ಟಿಸುವ ಧಾಟಿಯಲ್ಲಿ.

"ನನ್ನ ವಹಿ ನನಗ ತಿರುಗಿ ಕೊಡ್ರಿ," ಎಂದೆ.

"ತಗೊಂಡ ಹೋಗ. ಆದ್ರ ಅವ್ರು ಮೊಬೈಲಿನ್ಯಾಗ ಫೋಟೋ ಹೊಡಕೊಂಡಾರ." ಆಮೇಲೆ ನನ್ನ ಮುಖ ನೋಡಿ ನಕ್ಕರು. "ಮಾರಿ ಯಾಕ ಹಂಗ ಮಾಡ್ತೀ? ನೀನೂ ತಿಂದೀಯಲ್ಲೋ. ದೀಪಾವಳಿ ಪಾಡ್ಯಾದ ಮರುದಿನ, ಎರಡ ಸಲ ಹಾಕಿಸ್ಕೊಂಡಿ."

ಅಥಣಿಯಲ್ಲಿ ರಾತ್ರಿ ಉಳಿದ ಲಾಡ್ಜಿನ ರೂಮಿನ ಬಾಗಿಲು ಹಾಕಿಕೊಂಡು ವಹಿಯ ಹಿಂದಿನ ಪುಟ ತಿರುವಿದೆ. ಆ ದಿನದ ಬರಹ ಇತ್ತು. "ಮಾಮಾನ ಮನೆಯಲ್ಲಿ ಊಟ, ಮಧ್ಯಾಹ್ನ 1.20. ಮಾಮಿ ಜವಾರಿ ಕೋಳಿಮರಿ ಎಂದರು. ಎಲುಬು ಬಹಳ ಸಣ್ಣವು. ರುಚಿ ಚೆನ್ನಾಗಿತ್ತು." ಅಕ್ಷರ ದುಂಡಗೆ, ತಪ್ಪಿಲ್ಲದೆ, ಸಾಲು ಸೊಟ್ಟಾಗದೆ ಇತ್ತು.

ಮರುದಿನ ಬೆಳಿಗ್ಗೆ 7 ಗಂಟೆಗೆ ಅನಂತಪುರ. ಒಂಬತ್ತು ಇದ್ದ ಜಾಗ. ನಾಯಿಗಳು ಒಂದು ಗಂಟೆ ಹುಡುಕಿದವು. ಮುದಿನಾಯಿ ಕೊನೆಗೆ ಒಂದು ಕಡೆ ಅರೆಮನಸ್ಸಿನಿಂದ ಕಾಲೆತ್ತಿ ನಿಂತಿತು. ಹೆಣ್ಣುನಾಯಿ ಅದನ್ನು ನಂಬಿ ಹಿಂದೆ ನಿಂತಿತು. ಮಾಮಾ ಚಪ್ಪಾಳೆ ತಟ್ಟಿದರು. ಏನೂ ಏಳಲಿಲ್ಲ. ಯಾವುದೋ ಹಳೆಯ ವಾಸನೆ ಇರಬೇಕು. ಮುದಿನಾಯಿ ಕಾಲಿಳಿಸಿ ತಪ್ಪು ಮಾಡಿದಂತೆ ನನ್ನ ಕಡೆ ನೋಡಿತು. ನಾನು ಅದರ ತಲೆ ಸವರಿದೆ. ಅದು ಸುಳ್ಳು ಹೇಳಿರಲಿಲ್ಲ. ಸೊನ್ನೆ ಬರೆದೆ.

ಮಧ್ಯಾಹ್ನದ ಹೊತ್ತಿಗೆ ಕಾಗವಾಡ, ಮಾಮಾನ ಸ್ವಂತ ಏರಿ. ದ್ರಾಕ್ಷಿಸಾಲಿನ ಆಚೆ ನಾಯಿಗಳೆರಡೂ ನಿಂತವು, ಕಲ್ಲಿನ ಹಾಗೆ, ಚಿತ್ರದ ಹಾಗೆ. ಚಪ್ಪಾಳೆಗೆ ಹಕ್ಕಿಗಳು ಎದ್ದವು. ಹೋದ ವರ್ಷ ಐದು ಇದ್ದವು. ಈ ವರ್ಷ ಹೆಚ್ಚಾಗಿವೆ. ತಮ್ಮ ಹೊಲದ ಹಕ್ಕಿಗೆ ಯಾರೂ ಕೈ ಹಚ್ಚದಂತೆ ಮಾಮಾ ನೋಡಿಕೊಂಡಿದ್ದರು. ಅವರ ಮುಖ ಬೆಳಗಿತು.

"ಒಂದ್, ಎರಡ್, ಹೇಳ... ಎಂಟು!"

ಅವರೊಬ್ಬರ ದನಿಯೇ ಕೇಳಿತು. ನಾನೂ ಎಂಟೇ ಎಣಿಸಿದ್ದೆ. ಹೇಳಲಿಲ್ಲ.

"ಹೇಳೋ, ಎಷ್ಟ ಬಂತ ನಿಂದು?"

"ಇನ್ನೊಬ್ರ ವಹಿಗೆ ನೀವ ಹೇಳಕೋರಿ ಮಾಮಾ."

ನಮ್ಮ ಕ್ರಮದ ಪ್ರಕಾರ ಒಬ್ಬರು ಹೇಳದೆ ಉಳಿದರೆ ಯಾವ ಸಂಖ್ಯೆಯೂ ವಹಿಗೆ ಏರುವುದಿಲ್ಲ. ವಹಿಯಲ್ಲಿ ಆ ಅಂಕಣ ಖಾಲಿ ಬಿಟ್ಟೆ. ನಾನು ಬರೆಯದೆ ಬಿಟ್ಟ ಮೊದಲ ಸಂಖ್ಯೆ ಅದು. ಅಲ್ಲಿಂದ ಉಗಾರಕ್ಕೆ ಬಸ್ಸು ಹಿಡಿದೆ. ಹೆಣ್ಣುನಾಯಿ ರಸ್ತೆಯವರೆಗೆ ಹಿಂದೆ ಬಂತು. ಮಾಮಾ ಸೀಟಿ ಹೊಡೆದಾಗ ತಿರುಗಿ ಹೋಯಿತು.

ಅರಣ್ಯ ಕಚೇರಿಗೆ ಯಾಕೆ ಹೇಳಲಿಲ್ಲ ಎಂದು ಗೆಳೆಯನೊಬ್ಬ ಕೇಳಿದ. ಎರಡು ಸಲ ಬಾಗಿಲವರೆಗೆ ಹೋಗಿ ಬಂದಿದ್ದೇನೆ, ಎರಡೂ ದಿನಾಂಕ ಬರೆದಿಟ್ಟಿದ್ದೇನೆ. ಅವ್ವನಿಗೆ ಇರುವುದು ಮಾಮಾ ಒಬ್ಬರೇ ಅಣ್ಣ. ನಾಗರಪಂಚಮಿಗೆ ಅವ್ವ ಬುತ್ತಿ ಕಟ್ಟಿಕೊಂಡು ಹೋಗುವುದು ಆ ಮನೆಗೆ. ಇನ್ನೊಂದು ಕಾರಣವನ್ನು ಗೆಳೆಯನಿಗೆ ಹೇಳಲಿಲ್ಲ. ಸಾಕ್ಷಿ ಕೇಳಿದರೆ ಮೇಜಿನ ಮೇಲೆ ಇಡಬೇಕಾದದ್ದು ನನ್ನ ಕೈಬರಹ. ಮೂರನೆಯ ಸಲ ಒಳಗೆ ಹೋಗುತ್ತೇನೆ ಎಂದುಕೊಂಡಿದ್ದೇನೆ. ಹೋದರೆ ಅದನ್ನೂ ಬರೆಯುತ್ತೇನೆ.

ಮುಗಳಖೋಡದ ಹನ್ನೊಂದರಲ್ಲಿ ಎಲ್ಲವೂ ಹೋದವು ಎಂದು ಮುದುಕಿ ಹೇಳಿದ್ದಾಳೆ. ಆದರೆ ಅವಳ ಕಣ್ಣಿಗೆ ಪರದೆ ಬಂದಿದೆ ಎಂದು ಅವಳೇ ಹೇಳಿದ್ದಾಳೆ. ಕುಣಿಕೆ ತಪ್ಪಿಸಿಕೊಂಡ ಒಂದೆರಡು ಪಕ್ಕದ ಯಾವುದೋ ಮಡ್ಡಿಗೆ ಓಡಿರಬಹುದು. ಈ ಐದು ತಾಲೂಕಿನಲ್ಲಿ ಹೊಲಕ್ಕೆ ಹೋಗುವವರು, ಆಡು ಕಾಯುವವರು, ಬೆಳಿಗ್ಗೆ ಬೈಕಿನ ಮೇಲೆ ಹಾಲು ಒಯ್ಯುವವರು ಯಾರಾದರೂ ಇದನ್ನು ಓದಿದರೆ, ಈ ವರ್ಷ ಕೌಜುಗದ ಕೂಗು ಕೇಳಿದ್ದರೆ ನನಗೆ ಒಂದು ಸಾಲು ಬರೆಯಿರಿ. ಎಷ್ಟು ಕೇಳಿದಿರಿ ಎಂಬುದನ್ನು ಮಾತ್ರ ಬರೆಯಿರಿ. ಎಲ್ಲಿ ಎಂದು ಬರೆಯಬೇಡಿ. ನನಗೂ ಬೇಡ.