ಕಂಟಿ ಬುಡದ ಮಣ್ಣು

ನಮ್ಮ ಅಂಗಳದಾಗ ಗುಲಾಬಿ ಹೂ ಬಿಟ್ಟೈತಿ. ಅಂಗೈ ಅಗಲದ ಹೂವು. ಓಣಿ ಮಂದಿ ಬಂದು ನೋಡಿ ಹೋಗಾಕತ್ತಾರ. ನನಗ ಮಾತ್ರ ಅದನ್ನ ಕಂಡ್ರ ಹೊಟ್ಟಿ ಉರೀತೈತಿ.

ಯಾಕ ಅಂತ ಕೇಳ್ರಿ. ಕೇಳಾಕ ನಿಮಗ ಹಕ್ಕೈತಿ, ಇದರಾಗ ನಿಮ್ಮದೂ ಪಾಲೈತಿ.

ಹ್ವಾದ ವರ್ಷ ಶ್ರಾವಣದಾಗ ಗಜೇಂದ್ರಗಡದ ಹುಸೇನವ್ವನ ಬಗ್ಗೆ ಇದ ಕಾಲಂನ್ಯಾಗ ಬರದಿದ್ದೆ, ನೆನಪೈತೇನು? ಗುಡ್ಡದ ಬುಡಕ್ಕ ಆಕೀದೊಂದು ತುಂಡು ನೆಲ. ಬರೇ ಗರಸು, ಸಣ್ಣ ಸಣ್ಣ ಕಲ್ಲು. ರೋಣ, ನರಗುಂದದ ಎರಿ ಮಣ್ಣಾಗ ಬೆಳದ ನಮಗ ಅದನ್ನ ಹೊಲ ಅನ್ನಾಕೂ ಬಾಯಿ ಬರೂದಿಲ್ಲ. ಅಲ್ಲಿ ಇದ್ದದ್ದು ಎಲ್ಲಿ ನೋಡಿದ್ರೂ ಮುಳ್ಳಿನ ಬಾರಿ ಹಣ್ಣಿನ ಕಂಟಿ ಅಷ್ಟ. ಆ ಕಂಟಿ ಬುಡಕ್ಕ ಆಕಿ ಹೀರಿ ಬೀಜ, ಹಾಗಲ ಬೀಜ ಊರತಿದ್ದಳು. ಬಳ್ಳಿ ಕಂಟಿ ಮ್ಯಾಲೆ ಹಬ್ಬತಿತ್ತು, ಕಾಯಿ ನರೇಗಲ್ ಸಂತಿಗೆ ಹೋಗತಿತ್ತು. ಗಂಡ ಸತ್ತ ಮ್ಯಾಲೆ ಆಕಿ ಒಲಿ ಹತ್ತಿದ್ದು ಅದರಿಂದನ.

"ಈ ಗರಸಿನ್ಯಾಗ ಹ್ಯಾಂಗ ಬೆಳೀತೈತಿ, ಹುಸೇನವ್ವಾ?" ಅಂತ ಕೇಳಿದ್ದೆ. (ಸಾಲಿ ಮಾಸ್ತರ ನೋಡ್ರಿ, ಪ್ರಶ್ನೆ ಕೇಳಲಿಲ್ಲಂದ್ರ ಉಂಡದ್ದು ಕರಗೂದಿಲ್ಲ.)

"ಗರಸಿನ್ಯಾಗ ಎಲ್ಲಿ ಬೆಳೀತೈತ್ರಿ, ಮಾಸ್ತರ್ರ? ಕಂಟಿ ತನ್ನ ಮಣ್ಣು ತಾನ ಕೂಡಿಸೈತ್ರಿ."

ಖರೇ ಐತಿ. ಆಷಾಢದ ಗಾಳಿ ಹಾರಿಸಿಕೊಂಡು ಬಂದ ಧೂಳು, ತರಗು ಎಲ್ಲಾ ಕಂಟಿಗೆ ಸಿಕ್ಕು ಬುಡಕ್ಕ ನಿಲ್ಲತಾವ. ಬೇರು ಕಲ್ಲಿನ ಸಂದಿ ಹೊಕ್ಕು ಆಳದಾಗಿನ ಸಾರ ಹೀರಿ ಎಲಿಗೆ ತರತೈತಿ. ಆ ಎಲಿ ಉದುರಿ ಕೊಳೀತೈತಿ, ಅದ ಗೊಬ್ಬರ. ಮಧ್ಯಾಹ್ನ ಆಡು ನೆರಳಿಗೆ ಬಂದು ಹಿಕ್ಕಿ ಹಾಕಿ ಹೋಗತಾವ, ಇರಿವಿ ಕಾಳು ಕಡ್ಡಿ ತಂದು ಒಟ್ಟತಾವ. ಕಡೀಕ ಗರಸಿನ ನಡುವ ಒಂದೊಂದು ಕಂಟಿ ಬುಡಕ್ಕೂ ಬುಟ್ಟಿಗಟ್ಟಲೆ ಕರೀ ಮಣ್ಣು ಕೂಡತೈತಿ. ಎಷ್ಟು ದಿನ ಹಿಡೀತು ಅಂತ ಕೇಳಿದ್ರ, "ನಮ್ಮ ಅತ್ತಿ ಮದುವಿ ಆಗಿ ಬಂದಾಗ ಒಂದ ಬೊಗಸಿ ಇತ್ತಂತ್ರಿ" ಅಂದಳು.

ಆಕೀದು ಇನ್ನೊಂದು ರೂಢಿ ಇತ್ತು. ಕಂಟಿ ಬುಡದಿಂದ ಎದ್ದು ಬರೂ ಮುಂದ ಅಲ್ಲೇ ನಿಂತು ಎರಡೂ ಕಾಲು ಝಾಡಿಸತಿದ್ದಳು. ಅಂಗಾಲಿಗೆ ಹತ್ತಿದ ಮಣ್ಣೂ ಹೊರಗ ಹೋಗಬಾರದು. "ಅದರದ್ದು ಅದಕ್ಕ ಇರ್ಲಿ ಬಿಡ್ರಿ."

ನನಗ ನಗಿ ಬಂತು. ನಕ್ಕೋತ ಬರದೆ. "ಬಂಗಾರದಂಥಾ ಮಣ್ಣು" ಅಂತ ಹೆಡ್ಡಿಂಗ್ ಕೊಟ್ಟೆ. ಗಜೇಂದ್ರಗಡ ಸ್ಟ್ಯಾಂಡಿಂದ ಗುಡ್ಡದ ದಾರಿ ಹಿಡದು ಎಡಕ್ಕ ಹೊಳ್ಳಬೇಕು ಅಂತ ಹಾದಿನೂ ಹೇಳಿದೆ. (ಶಾಣ್ಯಾತನ ನೋಡ್ರಿ!) ನೀವು ಫಸ್ಟ್‌ಕ್ಲಾಸ್ ಅಂತ ಕಾರ್ಡು ಬರದ್ರಿ. ನಾ ಉಬ್ಬಿ ಉಬ್ಬಿ ಓಡಾಡಿದೆ.

ಈ ಬ್ಯಾಸಿಗ್ಯಾಗ ನಮ್ಮ ಊರಿನ ಚೆನ್ನಪ್ಪಣ್ಣ ಮನಿಗೆ ಬಂದ. ಲಿಂಬಿ ತ್ವಾಟ ಹಚ್ಚಾಂವ, ನನ್ನ ಕಾಯಂ ರೀಡರ್. ತಲಿ ಮ್ಯಾಲೊಂದು ಬುಟ್ಟಿ.

"ತೊಗೋರಿ ಮಾಸ್ತರ್ರ. ಪೇಪರನ್ಯಾಗ ಬರದಿದ್ರೆಲ್ಲಾ, ಅದ ಮಣ್ಣು!"

ನಾ ಬಾಯಿ ತೆಗಿಯೂದರಾಗ ನಮ್ಮಾಕಿ ಅದನ್ನ ಗುಲಾಬಿ ಗಿಡಕ್ಕ ಸುರುವಿ ಆಗಿತ್ತು.

"ಹುಸೇನವ್ವನ್ನ ಕೇಳಿದ್ಯೇನಪಾ?"

"ಕಂಟಿ ಬುಡದ ಮಣ್ಣಿಗೆ ಯಾರನ್ನ ಕೇಳೂದ್ರಿ? ಕಂಟಿ ಯಾರರ ನಟ್ಟಾರೇನು? ನಾ ಒಬ್ಬನ ಅಲ್ರಿ, ಹನ್ನೊಂದು ಚಕ್ಕಡಿ ಹೋಗಿದ್ವು."

ಕಳ್ಳತನ ಮಾಡೀನಿ ಅನ್ನೂದು ಅವನ ಮಾರಿ ಮ್ಯಾಲೆ ಎಳ್ಳಷ್ಟೂ ಇರಲಿಲ್ಲ. ಮುಂಬೈ ರಾಜ್ಯ ಹೋಗಿ ಮೈಸೂರು ರಾಜ್ಯ ಬಂತು, ಮಂದಿ ಕೈ ಚಾಳಿ ಎಲ್ಲಿ ಹೋಗತೈತಿ?

ಐತವಾರ ಬಸ್ಸು ಹತ್ತಿದೆ. ಹೋಗಿ ನೋಡಿದ್ರ ಕಂಟಿ ಬೇರು ಬಿಚ್ಚಿಕೊಂಡು ಬಿಸಿಲಿಗೆ ಒಣಗಿ ನಿಂತಿದ್ವು. ಬುಡಕ್ಕೆಲ್ಲಾ ಗುದ್ದಲಿ ಕಚ್ಚಿದ ಗುರುತು. ಆ ಜಾಗಾದಾಗ ಈ ವರ್ಷ ಬೀಜ ಊರೂದು ಅಂದ್ರ ಬೀಜ ಚೆಲ್ಲಿದಂಗ. ಹುಸೇನವ್ವ ನೇಕಾರರ ಮನ್ಯಾಗ ಕಂಡಿಕಿಗೆ ನೂಲು ಸುತ್ತಾಕ ಹೋಗತಾಳ ಈಗ. ಕಣ್ಣು ಸರಿಯಾಗಿ ಕಾಣೂದಿಲ್ಲ, ನೂಲು ಹರದ್ರ ಬೈಸಿಕೋತಾಳ.

ಬೈತಾಳ ಅಂತ ತಯಾರಾಗಿ ಹೋಗಿದ್ದೆ. ಬೈಲಿಲ್ಲ. ನನ್ನ ಕೂಡ ಕಂಟಿ ತನಕ ಬಂದು, ಮಣ್ಣು ತೆಗದ ಒಂದು ತಗ್ಗಿನ್ಯಾಗ ಇಳದು ಬೇರಿಗೆ ನಾಕು ಹಿಡಿ ಗರಸು ಸರಿಸಿದಳು. ಮ್ಯಾಲೆ ಬರೂ ಮುಂದ, ರೂಢಿಯಂಗ, ನಿಂತು ಕಾಲು ಝಾಡಿಸಿದಳು. ಉದುರಾಕ ಏನಿತ್ತಲ್ಲಿ? ನಾ ಮಾರಿ ತಿರುವಿದೆ.

"ನೀವು ಬರದದ್ದಕ್ಕ ಆ ಮಂದಿ ಬಂದ್ರಂತಲ್ರಿ, ಮಾಸ್ತರ್ರ?"

"ಹೌದವ್ವಾ. ತಪ್ಪಾತು."

"ಹಂಗಾರ ತಿರುಗಿ ತಂದು ಹಾಕ್ರಿ ಅಂತ ಇನ್ನೊಮ್ಮೆ ಬರೀರಿ. ನಿಮ್ಮ ಮಾತು ಭಾಳ ಕೇಳತಾರ."

ಚುಚ್ಚಿ ಅಂದಳೋ, ನಂಬಿ ಅಂದಳೋ? ನಂಬಿ ಅಂದಿದ್ರ ಅದ ಭಾಳ ಕೆಟ್ಟದ್ದು.

ನಾಳೆ ನಾ ಗುಲಾಬಿ ಕಿತ್ತು, ಬುಡದ ಮಣ್ಣು ಬುಟ್ಟಿಗೆ ತುಂಬಿ ಬಸ್ಸಿಗೆ ಒಯ್ಯಾಂವ. ನಮ್ಮಾಕಿ ನಿನ್ನಿಯಿಂದ ಸಿಟ್ಟಾಗ್ಯಾಳ. "ಒಂದ ಬುಟ್ಟಿಯಿಂದ ಏನಾಗತೈತ್ರಿ?" ಅಂತಾಳ. ಒಯ್ಯೂ ಮುಂದೂ ಎಲ್ಲಾರೂ ಹಂಗ ಅಂದಿರಬೇಕು.

ಹುಸೇನವ್ವಾ, ನೀ ಹೇಳಿದಂಗ ಬರದೀನಿ. ಓದೂ ಮಂದೀನ ಕೇಳತೀನಿ: ಒಯ್ಯಾಕ ಹನ್ನೊಂದು ಚಕ್ಕಡಿ ಹೋಗಿದ್ವು, ತಿರುಗಿ ತಂದು ಹಾಕಾಕ ಎಷ್ಟು ಹೊಂಡತಾವ?