ಕೊಡದ ತಳದಿಂದ ಬಡಿದ ಎಣ್ಣೆ

ನಮ್ಮೂರಲ್ಲಿ ಕಟ್ಟೆಗೆ, ಅಂದರೆ ಊರ ಸಣ್ಣ ಕೆರೆಗೆ, ಇಳಿದವರು ಕೊಡದ ತಳದಿಂದ ನೀರನ್ನು ಎರಡು ಸಲ ಬಡಿದು, ಮೇಲಿನ ಕಸ ಅತ್ತ ಸರಿದ ಮೇಲೇ ಕೊಡ ಮುಳುಗಿಸುವುದು. ನಮ್ಮತ್ತೆ ಹಾಗೆ ಮಾಡುತ್ತಿದ್ದರು, ನಾನೂ ಹಾಗೇ ಮಾಡಿಕೊಂಡು ಬಂದೆ.

ಹೋದ ಬೇಸಿಗೆ ಪಕ್ಕದ ಹೊಲದವನು ಕಟ್ಟೆಯ ಏರಿ ಮೇಲೆ ಡೀಸೆಲ್ ಇಂಜಿನ್ ಇಟ್ಟಿದ್ದ. ಒಂದು ಬೆಳಿಗ್ಗೆ ಅವನ ಕ್ಯಾನು ಉರುಳಿ ಡೀಸೆಲ್ಲು ನೀರಿಗೆ ಹೋಯಿತು. ನಾನು ಎಮ್ಮೆ ಹೊಡೆದುಕೊಂಡು ಹೋಗುವ ಹೊತ್ತಿಗೆ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಹರಡಿತ್ತು. ಎಮ್ಮೆ ತುಂಬು ಗಬ್ಬ, ಹತ್ತು ದಿನದಲ್ಲಿ ಈಯಬೇಕು. ಮನೆಗಿರುವುದು ಅದೊಂದೇ. ನೀರಿಲ್ಲದೆ ಕಟ್ಟಿಹಾಕುವಂತಿಲ್ಲ, ಕೆಟ್ಟ ನೀರು ಕುಡಿಸಿದರೆ ಹೊಟ್ಟೆಯ ಕರುವಿಗೆ ಕೇಡು.

ಸೀರೆ ಎತ್ತಿ ಕಟ್ಟಿ ಇಳಿದೆ. ಎರಡಲ್ಲ, ಇಪ್ಪತ್ತು ಸಲ ಬಡಿದೆ. ನೀರು ಎದ್ದೆದ್ದು ಒಡೆದು ಬಿತ್ತು. ನಾನು ನಿಂತ ಕಡೆಯ ಪೊರೆ ಕಾಣದಾಯಿತು. ವಾಸನೆ ಇತ್ತು, ಇಂಜಿನ್ನಿನದು ಅಂದುಕೊಂಡು ಎಮ್ಮೆಯ ಹಗ್ಗ ಸಡಿಲ ಬಿಟ್ಟೆ.

ಬಟ್ಟೆ ಒಗೆಯಲು ಜೊತೆಗೆ ಬಂದಿದ್ದ ಮೊಮ್ಮಗಳು, ಎಮ್ಮೆ ನೀರಿಗೆ ಬಾಯಿ ಹಾಕುವ ಮೊದಲೇ ಹಗ್ಗ ಕಿತ್ತುಕೊಂಡಳು. ಪಾಂಡವಪುರದ ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಾಳೆ, ಕೈಗಿಂತ ಬಾಯಿ ಜೋರು.

"ಎಣ್ಣೆ ಎಲ್ಲೂ ಓಗಿಲ್ಲ ಕಣಜ್ಜಿ. ನೀನೇ ಒಳಿಕ್ಕೆ ಸೇರಿಸ್ಬುಟ್ಟೆ."

ಸಮುದ್ರದಲ್ಲಿ ಹಡಗಿನ ಎಣ್ಣೆ ಚೆಲ್ಲಿದಾಗ ಅಲೆಗಳು ಅದರ ಮೇಲೆ ಒಡೆದು ಬಿದ್ದು ಎಣ್ಣೆಯನ್ನು ಹನಿ ಹನಿ ಮಾಡುತ್ತವಂತೆ. ದಪ್ಪ ಹನಿ ಮತ್ತೆ ಮೇಲೆ ಬರುತ್ತದೆ, ಸಣ್ಣದು ನೀರೊಳಗೇ ಉಳಿಯುತ್ತದೆ. ಅಷ್ಟು ದೊಡ್ಡ ನೀರಿನಲ್ಲಿ ಅದು ಚೆದುರಿಹೋಗಿ, ಕಣ್ಣಿಗೆ ಕಾಣದ ಹುಳಗಳು ನಿಧಾನಕ್ಕೆ ತಿಂದು ಮುಗಿಸುತ್ತವೆ. ಈ ಕಟ್ಟೆಯಲ್ಲಿ ಚೆದುರಿ ಎಲ್ಲಿಗೆ ಹೋಗಬೇಕು ಅಂತ ಕೇಳಿದಳು.

"ಸಮುದ್ರ ನೋಡಿದ್ದೀಯೇನೇ ನೀನು?"

"ಇಲ್ಲ. ನೀನ್ ನೋಡಿದ್ದೀಯಾ?"

ನಾನು ಕಂಡ ದೊಡ್ಡ ನೀರೆಂದರೆ ಕನ್ನಂಬಾಡಿ ಅಣೆಕಟ್ಟಿನದು.

ಅವಳು ಆಚೆ ದಡದಿಂದ ಪೊರೆ ಸಮೇತ ಒಂದು ಬಾಟಲಿ ನೀರು ತುಂಬಿ, ಜೋರಾಗಿ ಕುಲುಕಿ ಕಲ್ಲಿನ ಮೇಲಿಟ್ಟಳು. ಒಂದಿಷ್ಟು ಎಣ್ಣೆ ಮೇಲೆ ಬಂತು. ಕೆಳಗಿನ ನೀರು ಅಕ್ಕಿ ತೊಳೆದ ನೀರಿನಂತೆ ಮಸುಕಾಗಿಯೇ ಇತ್ತು. ಒಂದು ಎಲೆಯಡಿಕೆ ಅಗಿದು ಉಗಿಯುವಷ್ಟು ಹೊತ್ತು ಕಾದೆ, ಆದರೂ ತಿಳಿಯಾಗಲಿಲ್ಲ.

ಹಾಗಾದರೆ ಮಜ್ಜಿಗೆ ಕಡೆದರೆ ಜಿಡ್ಡು ಒಂದುಗೂಡಿ ಬೆಣ್ಣೆಯಾಗುವುದು ಹೇಗೆ, ಇದು ಯಾಕೆ ಚೂರಾಗುತ್ತದೆ ಅಂದೆ. ಅವಳು ಗೊತ್ತಿಲ್ಲ ಅಂದಳು. ಆಗ ನಾನು ಅವಳ ಉಳಿದ ಮಾತನ್ನೂ ನಂಬಿದೆ.

ಇಂಜಿನ್ನಿನವನನ್ನು ಕರೆದು ಬೈದು, ಇನ್ನೂ ತೇಲುತ್ತಿದ್ದ ಪೊರೆಯ ಮೇಲೆ ಹುಲ್ಲು, ಗೋಣಿಚೀಲ ಹಾಸಿಸಿ, ನೀರು ಕದಡದಂತೆ ಎತ್ತಿಸಿದೆ. ನಾನು ಬಡಿದು ಒಳಗೆ ಸೇರಿಸಿದ್ದನ್ನು ಎತ್ತಲು ಯಾರಿಂದಲೂ ಆಗಲಿಲ್ಲ. ಆ ತಪ್ಪು ನನ್ನದೇ.

ಅಂದಿನಿಂದ ಎಮ್ಮೆಯನ್ನು ನಾಲೆಗೆ ಹೊಡೆದುಕೊಂಡು ಹೋದೆವು, ದಿನಕ್ಕೆರಡು ಸಲ. ಬಿಸಿಲಿಗೆ ಮೊಮ್ಮಗಳ ಮುಖ ಕಪ್ಪಿಟ್ಟಿತು. ನನ್ನ ಮಂಡಿಯ ಬಗ್ಗೆ ನಾನು ಗೊಣಗಿದರೆ, ಎಮ್ಮೆ ನಿನಗಿಂತ ವಾಸಿ, ಮಾತಾಡದೆ ನಡೆಯುತ್ತದೆ ಅನ್ನುತ್ತಿದ್ದಳು.

ಒಂಬತ್ತನೇ ದಿನ ಎಮ್ಮೆ ಈಯಿತು. ಹೆಣ್ಣುಗರು, ಹುಟ್ಟಿದ ಸ್ವಲ್ಪ ಹೊತ್ತಿಗೇ ಎದ್ದು ನಿಂತಿತು. ಗಿಣ್ಣು ಕಾಯಿಸಿ, ಬೆಲ್ಲ ಜಾಸ್ತಿ ಬಿದ್ದ ಕಡೆಯದನ್ನು ಕೊಯ್ದು ಮೊದಲು ಅವಳ ತಟ್ಟೆಗೆ ಹಾಕಿದೆ. ಇನ್ನೊಂದು ತುಂಡು ಕೇಳಿದಳು, ಕೊಟ್ಟೆ.