ನಾಲ್ಕನೇ ನಂಬರ್ ಪ್ರೆಸ್ಸಿಗೆ ಪಕ್ಕವಾದ್ಯ

ಪೀಣ್ಯದ ಒಂದು ಶೀಟ್ ಮೆಟಲ್ ಕಾರ್ಖಾನೆಯಲ್ಲಿ ನಾನು ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದೆ. ಯಂತ್ರ ಸದ್ದು ಮಾಡಿದರೆ ನಿಲ್ಲಿಸುವುದು ನನ್ನ ಕೆಲಸ. ಸಂಜೆ ಚಿಕ್ಕಬಾಣಾವರದ ಮನೆಗೆ ಹೋಗಿ ಮೃದಂಗ ಮುಂದಿಟ್ಟುಕೊಂಡು ನಾನೇ ಸದ್ದು ಮಾಡುತ್ತಿದ್ದೆ, ಅದನ್ನು ನಿಲ್ಲಿಸುವುದು ನನ್ನ ಹೆಂಡತಿಯ ಕೆಲಸ. ಹನ್ನೆರಡು ವರ್ಷ ಗುರುಗಳ ಮುಂದೆ ಕೂತು ಕಲಿತವನು ನಾನು. ಆದರೆ ರಾಮನವಮಿಯ ಭಜನೆ, ನೆಂಟರ ಮದುವೆಯಲ್ಲಿ ಎಲೆ ಹಾಕುವವರೆಗಿನ ಕಛೇರಿ, ಇಷ್ಟರಲ್ಲೇ ನನ್ನ ಸಂಗೀತ ಜೀವನ ಮುಗಿದಿತ್ತು. ಕೇಳುವುದಕ್ಕೆಂದೇ ಜನ ಬಂದು ಕೂರುವಂಥ ಒಂದು ವೇದಿಕೆಯ ಮೇಲೆ ಒಮ್ಮೆಯಾದರೂ ನುಡಿಸಬೇಕು ಅನ್ನುವ ಆಸೆ ನಲವತ್ತೆಂಟನೇ ವಯಸ್ಸಿನಲ್ಲೂ ಇತ್ತು. ನಗುತ್ತಾರೆ ಅಂತ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ಒಬ್ಬ ಹೆಣ್ಣುಮಗಳು ತಮ್ಮ ವಾದ್ಯಕ್ಕೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಲು ನಮ್ಮಲ್ಲಿಗೆ ಬಂದರು. ಚಿಕ್ಕಂದಿನಿಂದ ವೀಣೆ ಕಲಿತು, ಆಮೇಲೆ ಹೊರದೇಶದಲ್ಲಿ ಸಂಗೀತ ಸಂಯೋಜನೆ ಓದಿ, ಈಗ ಕುಂದಲಹಳ್ಳಿಯ ಅಪಾರ್ಟ್‌ಮೆಂಟೊಂದರಲ್ಲಿ ಇದ್ದವರು. ಸ್ಟ್ಯಾಂಡ್ ಬೆಸುಗೆ ಆಗುವವರೆಗೆ ಅವರು ನಾಲ್ಕನೇ ನಂಬರ್ ಪ್ರೆಸ್ಸಿನ ಎದುರು ಕಣ್ಣು ಮುಚ್ಚಿ ನಿಂತುಬಿಟ್ಟರು. ಎಣ್ಣೆ ವಾಸನೆಗೆ ತಲೆ ಸುತ್ತಿರಬೇಕು ಅಂತ ನಾನು ನೀರು ತರಿಸಿದೆ. ಅವರು ನೀರು ಮುಟ್ಟಲಿಲ್ಲ, ಈ ತಾಳ ಯಾರದು ಅಂತ ಕೇಳಿದರು.

ತಾಳವೂ ಇಲ್ಲ, ಮಣ್ಣೂ ಇಲ್ಲ. ಆ ಪ್ರೆಸ್ಸಿನ ಒಂದು ಬುಷ್, ಅಂದರೆ ಒಳಗಿನ ಲೋಹದ ಬಳೆ, ಸವೆದು ಹೋಗಿತ್ತು. ತಗಡು ಒಳಗೆ ತಳ್ಳಿ, ಕಾಲಿನಿಂದ ಪೆಡಲ್ ಒತ್ತಿದರೆ ಮೇಲಿನ ಅಚ್ಚು ‘ಧಂ’ ಅಂತ ಬೀಳಬೇಕು, ಅಷ್ಟೇ. ಇದು ಬಿದ್ದ ಮೇಲೆ ‘ಕಿಟಕಿಟ’ ಅಂತ ನಡುಗುತ್ತಿತ್ತು. ಆರು ತಿಂಗಳಿಂದ ಆ ಕಿಟಕಿಟವನ್ನು ನಾನು ದೂರಿನ ಪುಸ್ತಕದಲ್ಲಿ ಬರೆಯುತ್ತಲೇ ಇದ್ದೆ, ರಿಪೇರಿಗೆ ಪ್ರೆಸ್ ನಿಲ್ಲಿಸಲು ಮಾಲೀಕರು ಬಿಟ್ಟಿರಲಿಲ್ಲ. ಅದಕ್ಕಾಗಿ ಅವರ ಕ್ಷಮೆಯನ್ನೂ ಕೇಳಿದೆ.

ಅವರಿಗೆ ಬೇಕಾಗಿದ್ದೇ ಅದು. ವೈಟ್‌ಫೀಲ್ಡ್‌ನ ಒಂದು ಸಭಾಂಗಣದಲ್ಲಿ ಈ ಸದ್ದನ್ನು ಸ್ಪೀಕರಿನಲ್ಲಿ ಹಾಕಿ ಅದರ ಜೊತೆ ವೀಣೆ ನುಡಿಸುತ್ತಾರಂತೆ. ಅಷ್ಟರಲ್ಲಿ ನಮ್ಮ ಸ್ಟೋರಿನವನು, ನನ್ನ ಕಾಲೆಳೆಯುವುದಕ್ಕೆಂದೇ, ನಮ್ಮ ಸಾಹೇಬರೂ ಮೃದಂಗ ಬಡಿಯುತ್ತಾರೆ ಅಂದುಬಿಟ್ಟ. ಹಾಗಾದರೆ ನೀವೂ ಜೊತೆಗೆ ಕೂರಬೇಕು ಅಂದರು ಅವರು. ನಾನು ಬಲು ಗತ್ತಿನಿಂದ ‘ನೋಡೋಣ’ ಅಂದು, ಟೂಲ್ ರೂಮಿನ ಹಿಂದಕ್ಕೆ ಹೋಗಿ ಒಬ್ಬನೇ ನಕ್ಕೆ.

ಗುರುವಾರ ಅವರು ಮೈಕ್ ತಂದು ಸದ್ದು ಹಿಡಿದುಕೊಳ್ಳುವುದು ಅಂತ ಗೊತ್ತಾಯಿತು. ಅತಿಥಿ ಬರುತ್ತಾರೆ ಅಂದ ಮೇಲೆ ನಾವು ಸುಮ್ಮನಿರುವ ಜನವೇ? ಎರಡು ದಿನ ಮುಂಚೆಯೇ ಆಯುಧಪೂಜೆ ಶುರುವಾಯಿತು. ಪ್ರೆಸ್ಸನ್ನು ಡೀಸೆಲ್ ಹಾಕಿ ಉಜ್ಜಿದರು, ಹಸಿರು ಬಣ್ಣ ಬಳಿದರು, ಕುಂಕುಮ ಇಟ್ಟು ಚೆಂಡುಹೂವಿನ ಸರ ಕಟ್ಟಿದರು. ನನ್ನ ಪಾಲಿನ ಸೇವೆಯನ್ನು ನಾನೂ ಮಾಡಿದೆ. ಲೇತಿನ ಮುಂದೆ ನಾನೇ ನಿಂತು ಹೊಸ ಬುಷ್ ಮಾಡಿ, ಕೂರಿಸಿ, ಗ್ರೀಸ್ ತುಂಬಿದೆ. ನಾನು ನೋಡಿಕೊಳ್ಳುವ ಯಂತ್ರ ನಾಲ್ಕು ಜನರೆದುರು ಕಿಟಕಿಟ ಅಂದರೆ ನನ್ನ ಮರ್ಯಾದೆ ಏನಾಗಬೇಕು?

ಗುರುವಾರ ಅವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೈ ಎತ್ತಿ ಸನ್ನೆ ಮಾಡಿದರು. ಪ್ರೆಸ್ ‘ಧಪ್’ ಅಂದಿತು. ಮತ್ತೆ ‘ಧಪ್’. ಬೇರೇನೂ ಇಲ್ಲ.

“ಸಾರ್, ಅದೆಲ್ಲಿ ಹೋಯ್ತು?” ಅಂದರು.

“ಯಾವ್ದು ಮೇಡಂ?”

“ಆ ಕಿಟಕಿಟ.”

“ರಿಪೇರಿ ಮಾಡ್ಬಿಟ್ಟೆ,” ಅಂದೆ, ಎದೆ ಉಬ್ಬಿಸಿಕೊಂಡು.

ಅವರ ಮುಖ ನೋಡಿದ ಮೇಲೆಯೇ ನನಗೆ ಹೊಳೆದದ್ದು. ನನ್ನ ಜೀವಮಾನದ ಒಂದೇ ಕಛೇರಿಯನ್ನು ನಾನೇ ಗ್ರೀಸ್ ಹಾಕಿ ಮುಗಿಸಿದ್ದೆ. ಹನ್ನೆರಡು ವರ್ಷ ಲಯ ಕಲಿತ ಕಿವಿಗೆ ಆರು ತಿಂಗಳು ಕೇಳಿಸಿದ್ದು ಬರೀ ರಿಪೇರಿ.

ಅರ್ಧ ಗಂಟೆ ಸ್ಕ್ರಾಪ್ ರಾಶಿಯಲ್ಲಿ ಮಂಡಿಯೂರಿ ಹುಡುಕಿದ ಮೇಲೆ ಹಳೆಯ ಬುಷ್ ಸಿಕ್ಕಿತು. ಸವೆದ ಬಿಡಿಭಾಗವನ್ನು ಬೇಕೆಂದೇ ಮತ್ತೆ ಕೂರಿಸಿದ್ದು ನನ್ನ ಸರ್ವೀಸಿನಲ್ಲಿ ಅದೊಂದೇ ಸಲ. ಮಾಲೀಕರು ಅದನ್ನು ನೋಡಿ ಬಂದ ದಾರಿಯಲ್ಲೇ ತಮ್ಮ ಕೋಣೆಗೆ ವಾಪಸಾದರು. ಕಿಟಕಿಟವೇನೋ ಬಂತು, ಆದರೆ ಮೇಡಂ ಇನ್ನೂ ತಲೆ ಅಲ್ಲಾಡಿಸುತ್ತಿದ್ದರು. ಸದ್ದು ಅದೇ, ನಡೆ ಅದಲ್ಲ ಅಂದರು.

ಆ ಪ್ರೆಸ್ ನಡೆಸುತ್ತಿದ್ದವರು ನಮ್ಮಲ್ಲೇ ಹಿರಿಯರು, ಪೀಣ್ಯದ ಹಳೇ ಮನೆತನದವರು. ನಮ್ಮ ಕಾರ್ಖಾನೆ ನಿಂತಿರುವುದೇ ಅವರ ಅಜ್ಜನ ರಾಗಿ ಹೊಲದಲ್ಲಿ ಅಂತ ಆಗಾಗ ನೆನಪಿಸುತ್ತಿದ್ದರು. ಅದಕ್ಕೇ ನಾವೆಲ್ಲ ಅವರನ್ನು ಯಜಮಾನರು ಅಂತಲೇ ಕರೆಯುತ್ತಿದ್ದುದು. ಅವತ್ತು ಇಸ್ತ್ರಿ ಅಂಗಿ ಹಾಕಿಕೊಂಡು, ಫೋಟೋಗೆ ಕೂತವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಪೆಡಲ್ ಒತ್ತುತ್ತಿದ್ದರು. ದಿನದ ಹಾಗೆಯೇ ಮಾಡಿ ಯಜಮಾನ್ರೇ ಅಂತ ನಾನು ಕೇಳಿಕೊಂಡೆ. ಹತ್ತು ಜನ ಸುತ್ತ ನಿಂತು ಕಾಲನ್ನೇ ನೋಡುತ್ತಿದ್ದರೆ ಕಾಲು ಕೆಲಸ ಮಾಡುವುದು ಹೇಗೆ ಅಂತ ಅವರು ನನ್ನನ್ನೇ ಗದರಿದರು. ಎಲ್ಲರೂ ಚದುರಿದೆವು. ಹತ್ತು ನಿಮಿಷದಲ್ಲಿ ನಡೆ ತಾನಾಗಿ ಬಂತು, ಮೇಡಂ ಅದನ್ನು ಹಿಡಿದುಕೊಂಡರು.

ನಾನು ಕಂಬದ ಹಿಂದೆ ನಿಂತು ಬೆರಳು ಮಡಿಸಿದೆ. ಏಳು ಏಟು, ಆಮೇಲೆ ತಗಡಿಗೆ ಎಣ್ಣೆ ಒರೆಸಲು ಒಂದು ಬಿಡುವು. ಮತ್ತೆ ಏಳು, ಮತ್ತೆ ಬಿಡುವು. ಏಳು ಅಂದರೆ ಮಿಶ್ರ ಛಾಪು! ಇದನ್ನು ಸಾವಿರ ಸಲ ಬಾರಿಸಿದ್ದೇನೆ. ಮುಂಚೆ ಏನೂ ತಯಾರಿ ಬೇಡ, ಕೂತು ಕೇಳಿ ಉತ್ತರ ಕೊಟ್ಟರೆ ಸಾಕು ಅಂತ ಮೇಡಂ ಹೇಳಿದ್ದರು. ಅದಕ್ಕೇ ಆ ಧ್ವನಿಮುದ್ರಣವನ್ನು ನನಗೆ ಕೊಟ್ಟಿರಲೂ ಇಲ್ಲ. ನಾನು ಹೂಂ ಅಂದು, ಮನೆಯಲ್ಲಿ ಹದಿನೈದು ದಿನ ಏಳರ ಲೆಕ್ಕಕ್ಕೆ ಬಿಡುವಿಗೆ ಸರಿಯಾಗಿ ಬಂದು ಮುಗಿಯುವಂತೆ ಒಂದಕ್ಕಿಂತ ಒಂದು ಜಾಣ ಮುಕ್ತಾಯ ಕಟ್ಟಿದೆ.

ಕಾರ್ಯಕ್ರಮದ ಶನಿವಾರ ಎರಡು ಬಸ್ ಬದಲಾಯಿಸಿ, ಮೃದಂಗವನ್ನು ತೊಡೆಯ ಮೇಲಿಟ್ಟುಕೊಂಡು ವೈಟ್‌ಫೀಲ್ಡ್ ಮುಟ್ಟಿದೆ. ತಮ್ಮ ಯಂತ್ರವನ್ನು ಇವರೆಲ್ಲ ಏನು ಮಾಡುತ್ತಾರೋ ನೋಡಬೇಕು ಅಂತ ಯಜಮಾನರೂ ಜೊತೆಗೆ ಬಂದಿದ್ದರು. ಶಾಸ್ತ್ರೀಯ ಸಂಗೀತದ ಭವಿಷ್ಯದ ಬಗ್ಗೆ ಮೂರು ಭಾಷಣ, ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ನಮ್ಮ ಎಂಟು ನಿಮಿಷ. ಕೇಳುವವರೇ ಇಲ್ಲ ಅಂದರು ಮೊದಲಿನವರು. ಇದ್ದಾರೆ, ತಾಳ್ಮೆ ಇಲ್ಲ ಅಂದರು ಎರಡನೆಯವರು. ಯಜಮಾನರು ನನ್ನ ಕಿವಿಯ ಹತ್ತಿರ ಬಗ್ಗಿ, ಯಾರು ತೀರಿಕೊಂಡಿದ್ದು ಅಂತ ವಿಚಾರಿಸಿದರು.

ವೇದಿಕೆ ಹತ್ತಿದೆ. ಎದುರಿಗೆ ಎಂಬತ್ತು ಜನ, ಕೇಳುವುದಕ್ಕೆಂದೇ ಕೂತವರು. ಸ್ಪೀಕರಿನಲ್ಲಿ ಪ್ರೆಸ್ ಶುರುವಾಯಿತು, ಮೇಡಂ ವೀಣೆಯ ಒಂದೇ ತಂತಿ ಮೀಟಿದರು. ಏಳು ಏಟು, ಬಿಡುವು. ನನ್ನ ಮೊದಲ ಮುಕ್ತಾಯ ಕರಾರುವಾಕ್ಕಾಗಿ ಬಿತ್ತು, ಯಾರೋ ‘ಆಹಾ’ ಅಂದರು. ಎರಡನೆಯದೂ ಸರಿಹೋಯಿತು. ಮೂರನೇ ಸಲ ಪ್ರೆಸ್ ಆರಕ್ಕೇ ನಿಂತುಬಿಟ್ಟಿತು. ನನ್ನ ಮುಕ್ತಾಯ ಮೆಟ್ಟಿಲು ತಪ್ಪಿದವನಂತೆ ಮುಗ್ಗರಿಸಿತು. ಮುಂದಿನ ಸಲ ಎಂಟು. ಆಗ ಅರ್ಥವಾಯಿತು, ಯಜಮಾನರು ಎಣಿಸಿ ಎಣ್ಣೆ ಒರೆಸುವವರಲ್ಲ, ತಗಡು ಒಣಗಿದ್ದು ಕಂಡಾಗ ಒರೆಸುವವರು. ಕಟ್ಟಿಕೊಂಡು ಬಂದ ಲೆಕ್ಕ ಒಂದೂ ಕೆಲಸಕ್ಕೆ ಬರುವಂತಿರಲಿಲ್ಲ. ಎದ್ದು ಹೋಗಿಬಿಡೋಣ ಅನ್ನಿಸಿತು.

ಆಗ ಮೂರನೇ ಸಾಲಿನಲ್ಲಿ ಯಜಮಾನರು ಕಂಡರು. ಅವರು ವೇದಿಕೆಯನ್ನೇ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದರು, ಬಲಗಾಲು ಮಾತ್ರ ನೆಲಹಾಸನ್ನು ಒತ್ತುತ್ತಿತ್ತು. ಪ್ರತಿ ಏಟಿಗೂ ಒಂದು ಚೂರು ಮುಂಚೆ ಕಾಲು ಇಳಿಯುತ್ತಿತ್ತು. ತಗಡು ಸರಿಯುವ ಸದ್ದಿನಲ್ಲೇ ಅವರಿಗೆ ಮುಂದಿನದು ತಿಳಿಯುತ್ತಿತ್ತೇನೋ. ಬಿಡುವು ಬರುವ ಮುಂಚೆ ಕೈ ಪಕ್ಕದ ಖಾಲಿ ಕುರ್ಚಿಗೆ, ಎಣ್ಣೆ ಬಟ್ಟೆಗೆ ಹೋದಂತೆ ಹೋಗುತ್ತಿತ್ತು. ನಾನು ಲೆಕ್ಕ ಬಿಟ್ಟೆ. ಏಟುಗಳನ್ನೆಲ್ಲ ಯಂತ್ರಕ್ಕೆ ಬಿಟ್ಟುಕೊಟ್ಟು, ಅವರ ಕೈ ಕುರ್ಚಿಗೆ ಹೋದಾಗಷ್ಟೇ ಮೃದಂಗದ ಎಡಭಾಗವನ್ನು ಅಂಗೈಯಿಂದ ಒರೆಸಿ ಒಂದು ಗುಂಕಾರ ಎಬ್ಬಿಸಿದೆ. ಮೇಡಂ ತಿರುಗಿ ನೋಡಿ ನಕ್ಕರು. ಉಳಿದ ಐದು ನಿಮಿಷದಲ್ಲಿ ಏನೇನು ನುಡಿಸಿದೆ ಅಂತ ಈಗ ನೆನಪಿಲ್ಲ. ಅಷ್ಟು ಸಂತೋಷ ಮೊದಲು ಯಾವತ್ತೂ ಆಗಿರಲಿಲ್ಲ ಅನ್ನುವುದು ನೆನಪಿದೆ.

ಚಪ್ಪಾಳೆ ಬಂತು, ತೀರಾ ಜಾಸ್ತಿಯೇನಲ್ಲ. ಮೂರನೇ ಭಾಷಣಕಾರರು ಮೈಕಿನ ಮುಂದೆ ಬಂದು ಶಾಸ್ತ್ರೀಯ ಸಂಗೀತಕ್ಕೆ ಭವಿಷ್ಯವಿಲ್ಲ ಅಂತ ಶುರು ಮಾಡಿದರು. ನಾವಿಬ್ಬರೂ ಹೊರಗೆ ಬಂದು ಟೀ ಅಂಗಡಿಯ ಮುಂದೆ ನಿಂತೆವು. ಮೃದಂಗ ನಮ್ಮಿಬ್ಬರ ನಡುವೆ ಬೆಂಚಿನ ಮೇಲಿತ್ತು. ಯಜಮಾನರು ಟೀಗೆ ಊದುತ್ತಾ ಇದ್ದರು. ಕೊನೆಗೆ ನಾನೇ, ಏನೂ ಆಗಬೇಕಾಗಿಲ್ಲದವನ ಹಾಗೆ, ಹೇಗಿತ್ತು ಅಂತ ಕೇಳಿದೆ.

“ಮೊದ್ಲು ನೀವು ಲೆಕ್ಕ ಆಕ್ತಾ ಇದ್ರಿ ಸಾರ್,” ಅಂದರು ಅವರು. “ಆಮ್ಯಾಕೆ ಕೆಲ್ಸ ಮಾಡುದ್ರಿ.”

ನಾನು ಲೋಟ ಹಿಡಿದುಕೊಂಡು ರಸ್ತೆಯ ಕಡೆ ತಿರುಗಿದೆ. ನನ್ನ ಮೃದಂಗವನ್ನು ಅಷ್ಟು ಗಮನ ಕೊಟ್ಟು ಅದುವರೆಗೆ ಯಾರೂ ಕೇಳಿರಲಿಲ್ಲ.